ಅಮೆರಿಕದ ಸೆನೆಟ್‌ನಲ್ಲಿ ಪೇಜ್ ಕೆಲಸ: ಅಕ್ಕನ ಮಗಳನ್ನು ಕಳಿಸಬಹುದಾ?

ಪ್ರಶ್ನೆ: ವಿದ್ಯಾನಗರದ ಮಾವ, ದಾವಣಗೆರೆ
ನಮ್ಮ ಅಕ್ಕ ಅಮೆರಿಕದಲ್ಲಿದ್ದಾಳೆ. ಅವಳ ಮಗಳಿಗೆ 16 ವರ್ಷ, ಹನ್ನೊಂದನೇ ಕ್ಲಾಸು. ವಾಷಿಂಗ್ಟನ್‌ನಲ್ಲಿ ಸೆನೆಟ್ ಪೇಜ್ ಆಗಿ, ಅಂದ್ರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡೋ ವಿದ್ಯಾರ್ಥಿನಿಯಾಗಿ, ಆಯ್ಕೆಯಾಗಿದ್ದಾಳೆ. ಸೆನೆಟರ್‌ಗಳಿಗೆ ನೀರಿಡುವುದು, ಕಾಗದ ತಲುಪಿಸುವುದು ಕೆಲಸವಂತೆ. ಇದು ಕೇಳಿದಾಗಿನಿಂದ ನಮ್ಮಮ್ಮನಿಗೆ ಸಮಾಧಾನವೇ ಇಲ್ಲ. "ಓದೋ ಹುಡುಗಿ ಯಾರದೋ ಲೋಟ ಯಾಕೆ ಎತ್ತಬೇಕು" ಅಂತಾರೆ. ಓದು ಹಾಳಾಗುತ್ತಾ? ಎಲ್ಲಿ ಉಳಿಯುತ್ತಾಳೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ದುರ್ಗದವಳು
ನಾನು ಚಿತ್ರದುರ್ಗದವಳು, ಈಗ ವರ್ಜೀನಿಯಾದಲ್ಲಿದ್ದೇನೆ. ನನ್ನ ಮಗ ಈ ಕೆಲಸ ಮಾಡಿದ್ದಾನೆ. ಅಮ್ಮನಿಗೆ ಧೈರ್ಯ ಹೇಳಿ.

ಓದು ನಿಲ್ಲುವುದಿಲ್ಲ. ಪೇಜ್‌ಗಳಿಗೆಂದೇ ಶಾಲೆ ಇದೆ, ಬೆಳಗ್ಗೆ 6.15ಕ್ಕೇ ಕ್ಲಾಸ್ ಶುರು. ಶಾಲೆ, ಹಾಸ್ಟೆಲ್ ಎರಡೂ ವೆಬ್‌ಸ್ಟರ್ ಹಾಲ್ ಅನ್ನೋ ಒಂದೇ ಕಟ್ಟಡದಲ್ಲಿ. ಹುಡುಗಿಯರಿಗೆ ಬೇರೆ ಮಹಡಿ. ಆಮೇಲೆ ನೀಲಿ ಸೂಟು ಹಾಕಿಕೊಂಡು ಸದನಕ್ಕೆ ಹೋಗಬೇಕು. ತಿದ್ದುಪಡಿಯ ಕಾಗದ ಒಯ್ಯಬೇಕು, ಮಾತಾಡಲು ಎದ್ದವರ ಮುಂದೆ ಸ್ಟ್ಯಾಂಡ್ ಇಡಬೇಕು. ನೀರಿಡುವುದೂ ಉಂಟು. ಉಳಿದ ಹೊತ್ತು ಪೀಠದ ಮೆಟ್ಟಿಲ ಮೇಲೆ ಕೂತಿರುತ್ತಾರೆ. ನನ್ನ ಮಗನಿಗೆ ಆ ಮೆಟ್ಟಿಲೇ ದೊಡ್ಡ ಪಾಠವಾಯ್ತು. ಜೋರಾಗಿ ವಾದ ಮಾಡಿದ ಇಬ್ಬರು, ಆಮೇಲೆ ಪಕ್ಕದಲ್ಲಿ ನಿಂತು ಒಂದೊಂದು ವಾಕ್ಯಕ್ಕೂ ಚೌಕಾಸಿ ಮಾಡುವುದನ್ನು ಹತ್ತಿರದಿಂದ ನೋಡಿದ. ಕಾನೂನು ಹೇಗೆ ಹುಟ್ಟುತ್ತೆ ಅಂತ ಅವನಿಗೆ ಅಲ್ಲೇ ಅರ್ಥವಾಗಿದ್ದು.

ಕಷ್ಟ ಅಂದ್ರೆ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಹಾಸ್ಟೆಲ್ ಫೋನಿನಿಂದಲೇ ಮಾತು. ಅಜ್ಜಿಗೆ ವಿಡಿಯೊ ಕಾಲ್ ಬರೋದಿಲ್ಲ ಅಂತ ಮೊದಲೇ ಹೇಳಿಡಿ.

1829ರಿಂದ ಸೆನೆಟ್‌ನಲ್ಲಿ ಹುಡುಗರು ಪೇಜ್ ಆಗಿದ್ದಾರೆ. ಹುಡುಗಿಯರಿಗೆ ಬಾಗಿಲು ತೆರೆದಿದ್ದು 1971ರಲ್ಲಿ! ಖಂಡಿತ ಕಳಿಸಿ.

ಉತ್ತರ: ಚನ್ನಗಿರಿ ಮೇಷ್ಟ್ರು
ನಮ್ಮ ಲೋಕಸಭೆಯಲ್ಲಿ ಚೀಟಿ ಒಯ್ಯುವವರು ಸರ್ಕಾರಿ ಸಿಬ್ಬಂದಿ. ಶಾಲೆ ಮಕ್ಕಳಿಗೆ ಇರೋದು ಅಣಕು ಯುವ ಸಂಸತ್ತು. ಅದು ಒಳ್ಳೆಯದೇ, ನಮ್ಮ ಮಕ್ಕಳನ್ನೂ ತಯಾರು ಮಾಡಿದ್ದೇನೆ. ಆದ್ರೆ ನಿಜವಾದ ಸದನದ ಒಳಗೆ ನಿಲ್ಲೋದು ಬೇರೆ ಅಲ್ವಾ? ನಮ್ಮ ತಾಲ್ಲೂಕಿನ ಜೆ.ಎಚ್. ಪಟೇಲರು 1967ರಲ್ಲಿ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಅದನ್ನು ಎದುರಿಗೇ ಕೂತು ಕೇಳಿದ ಹುಡುಗ ಯಾರಾದರೂ ಇದ್ದಿದ್ದರೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಅಮ್ಮನಿಗೆ ಹೀಗೆ ಹೇಳಿ ನೋಡಿ.

ವಿದ್ಯಾನಗರದ ಮಾವ
ಇಬ್ಬರಿಗೂ ಧನ್ಯವಾದ. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಪಟೇಲರ ಹೆಸರು ಕೇಳಿ ಸುಮ್ಮನಾದರು. ಈಗ ಅವರದು ಒಂದೇ ಪ್ರಶ್ನೆ: ನಮ್ಮದು ಲಿಂಗಾಯತರ ಮನೆ, ಅಲ್ಲಿ ಸಸ್ಯಾಹಾರ ಸಿಗುತ್ತಾ? ಮಗ ಏನು ಊಟ ಮಾಡುತ್ತಿದ್ದ, ದುರ್ಗದವರೇ?