ಬೆಳಿಗ್ಗೆ ಏಳುವ ಕೈ ಮಧ್ಯಾಹ್ನ ಏಳುವುದಿಲ್ಲ: ಈ ದಣಿವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಗಣಿತದ ಟೀಚರ್, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನಗೆ ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ. ಸೊಂಟ ಮತ್ತು ಭುಜದ ಸ್ನಾಯುಗಳನ್ನು ಕ್ರಮೇಣ ಸೊರಗಿಸುವ ಕಾಯಿಲೆ. ಕ್ಯಾಲ್ಪೇನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದೆ ಎಂದು ಪರೀಕ್ಷೆಯಲ್ಲಿ ಬಂದಿದೆ. ಅಪ್ಪ ಅಮ್ಮ ಸೋದರತ್ತೆ, ಸೋದರಮಾವನ ಮಕ್ಕಳು. ದೋಷವಿರುವ ಜೀನ್ ಇಬ್ಬರ ಕಡೆಯಿಂದಲೂ ನನಗೆ ಬಂದಿದೆ.

ಮೊದಲ ಪಿರಿಯಡ್‌ನಲ್ಲಿ ಬೋರ್ಡಿನ ಮೇಲಂಚಿನಿಂದಲೇ ಬರೆಯುತ್ತೇನೆ. ನಾಲ್ಕನೆಯ ಪಿರಿಯಡ್ ಹೊತ್ತಿಗೆ ಥೇಲ್ಸ್ ಪ್ರಮೇಯದ ತ್ರಿಭುಜ ಬರೆದು ಸಾಧನೆಗೆ ತೊಡಗಿದರೆ, ಮೂರನೆಯ ಸಾಲು ಎಡಗಡೆ ಕಣ್ಣಿನ ಮಟ್ಟದಲ್ಲಿ ಶುರುವಾಗಿ ಬಲಗಡೆ ಎದೆಯ ಮಟ್ಟಕ್ಕೆ ಜಾರಿರುತ್ತದೆ. ಎಡಗೈಯನ್ನು ಬಲ ಮೊಣಕೈಗೆ ಆಸರೆ ಕೊಟ್ಟು ಇನ್ನೆರಡು ಸಾಲು ಬರೆಯುತ್ತೇನೆ. ಊಟದ ನಂತರ ಅದೂ ಆಗದು. ನೋವಿಲ್ಲ, ತೂಕಡಿಕೆಯೂ ಇಲ್ಲ. ತಲೆ ಚುರುಕಾಗಿಯೇ ಇರುತ್ತದೆ, ಕೈ ಮಾತ್ರ ಸೋತಿರುತ್ತದೆ.

ವರ್ಷಕ್ಕೊಮ್ಮೆ ಬೆಂಗಳೂರಿಗೆ ತಪಾಸಣೆಗೆ ಹೋಗುತ್ತೇನೆ. ಸರದಿಯಲ್ಲಿ ಕೂತು ಕೂತು ಕೈಗೆ ಚೆನ್ನಾಗಿ ವಿಶ್ರಾಂತಿ ಸಿಕ್ಕಿರುತ್ತದೆ. ಆಮೇಲೆ ವೈದ್ಯರು ‘ಎತ್ತಿ, ತಳ್ಳಿ, ಬಿಡಬೇಡಿ’ ಎನ್ನುತ್ತಾರೆ. ಐದಕ್ಕೆ ನಾಲ್ಕು ಎಂದು ಬರೆಯುತ್ತಾರೆ. ಹೋದ ವರ್ಷವೂ ನಾಲ್ಕು, ಅದರ ಹಿಂದಿನ ವರ್ಷವೂ ನಾಲ್ಕು. ಕಾಗದದಲ್ಲಿ ಏನೂ ಬದಲಾಗಿಲ್ಲ, ನನ್ನ ಕೈಗೆ ದಕ್ಕುವ ಹೊತ್ತು ಮಾತ್ರ ಕಡಿಮೆಯಾಗುತ್ತಾ ಬಂದಿದೆ. ಸ್ಟಾಫ್ ರೂಮಿನಲ್ಲಿ ‘ಬೆಳಿಗ್ಗೆ ಚೆನ್ನಾಗಿದ್ದಿರಲ್ಲ’ ಎನ್ನುತ್ತಾರೆ. ಹೌದು, ಚೆನ್ನಾಗಿದ್ದೆ. ನನ್ನ ತೊಂದರೆ ಇರುವುದೇ ಅಲ್ಲಿ.

ವೈದ್ಯರಿಗೂ ಮುಖ್ಯೋಪಾಧ್ಯಾಯರಿಗೂ ತೋರಿಸಬಹುದಾದ ಅಳತೆ ಏನಾದರೂ ಇದೆಯೇ? ಮನೆಯಲ್ಲೇ ಮಾಡಬಹುದಾದದ್ದು ಇದ್ದರೆ ಇನ್ನೂ ಒಳ್ಳೆಯದು.

ಉತ್ತರ: ಎಸ್‌ಎಂಎ ಹುಡುಗನ ತಾಯಿ, ಹುಬ್ಬಳ್ಳಿ

ಅಕ್ಕಾ, ನನ್ನ ಮಗನಿಗೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ (ಎಸ್‌ಎಂಎ), ಸ್ನಾಯುಗಳನ್ನು ನಡೆಸುವ ನರಕೋಶಗಳು ಸೊರಗುವ ಕಾಯಿಲೆ, ಅದರಲ್ಲಿ ಮೂರನೆಯ ಬಗೆ. ಇನ್ನೂ ನಡೆಯುತ್ತಾನೆ. ಅವನಿಗೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತಾರೆ. ಕಾರಿಡಾರಿನ ಎರಡೂ ತುದಿಗೆ ಕಿತ್ತಳೆ ಬಣ್ಣದ ಕೋನ್ ಇಟ್ಟು, ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದ ಎಂದು ಬರೆಯುತ್ತಾರೆ. ಮೊದಲೆಲ್ಲ ಒಟ್ಟು ದೂರ ಮಾತ್ರ ಬರೆಯುತ್ತಿದ್ದರು. ಈಗಿನ ಫಿಸಿಯೋ ಮೇಡಂ ಒಂದೊಂದು ನಿಮಿಷದ ದೂರವನ್ನೂ ಬೇರೆಯಾಗಿ ಬರೆಯುತ್ತಾರೆ. ಮೊದಲ ನಿಮಿಷದಲ್ಲಿ ಕೋನ್ ಸುತ್ತಿ ಸರಕ್ಕನೆ ತಿರುಗುವ ಹುಡುಗ ಐದನೆಯ ನಿಮಿಷದಲ್ಲಿ ಗೋಡೆಗೆ ಕೈ ತಾಗಿಸಿ ತಿರುಗುತ್ತಾನೆ. ಒಟ್ಟು ದೂರವನ್ನು ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಎಸ್‌ಎಂಎ ಇರುವವರಲ್ಲಿ ಆರನೆಯ ನಿಮಿಷದ ದೂರ ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಇಳಿಯುತ್ತದೆ ಎಂದು 2010ರಲ್ಲೇ ಅಮೆರಿಕದಲ್ಲಿ ಪ್ರಕಟವಾಗಿದೆಯಂತೆ, ಅವರೇ ತೋರಿಸಿದರು. ನಿಮಗೂ ಈ ಪರೀಕ್ಷೆ ಮಾಡುತ್ತಿದ್ದರೆ ನಿಮಿಷವಾರು ಬರೆದುಕೊಡಿ ಎಂದು ಕೇಳಿ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಉತ್ತರ: ಫಿಸಿಯೋಥೆರಪಿಸ್ಟ್, ನರಸ್ನಾಯು ವಿಭಾಗ, ಬೆಂಗಳೂರು

ಮೇಡಂ, ನಿಮ್ಮ ಬೋರ್ಡಿನ ಮೂರನೆಯ ಸಾಲು ಜಾರುತ್ತದೆ ಎಂದಿರಲ್ಲ, ನನ್ನ ಮಟ್ಟಿಗೆ ಅದೇ ಒಂದು ಒಳ್ಳೆಯ ಅಳತೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮಲ್ಲಿಗೆ ಬರುವ ಬಹಳಷ್ಟು ಜನರ ದೂರು ಇದೇ.

ಮೊದಲು ಆ ‘ನಾಲ್ಕು’. ಸೊನ್ನೆಯಿಂದ ಐದರ ಆ ಮಾಪನ ಎರಡನೆಯ ಮಹಾಯುದ್ಧದ ಕಾಲದ್ದು, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ತಂದದ್ದು. ಗುರುತ್ವದ ವಿರುದ್ಧ ಕೈ ಎತ್ತಲು ಬಂದರೆ ಮೂರು, ಪೂರ್ಣ ಬಲಕ್ಕೆ ಐದು. ನಡುವೆ ಇರುವುದೆಲ್ಲ ನಾಲ್ಕು. ಈ ಹರವು ತೀರಾ ದೊಡ್ಡದು. ಬಲದಲ್ಲಿ ಗಣನೀಯವಾಗಿ ಇಳಿದ ಮೇಲೂ ಒಬ್ಬರು ನಾಲ್ಕರಲ್ಲೇ ಉಳಿಯಬಹುದು. ಸಾಲದ್ದಕ್ಕೆ ಅದು ಒಂದೇ ಕ್ಷಣದ ಬಲ. ನಿಮ್ಮ ಪ್ರಶ್ನೆ ಬಲ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು.

ಇನ್ನು ದಣಿವಿನ ಅಳತೆಯಲ್ಲಿ ಎರಡು ಸಂಗತಿಗಳಿವೆ, ಅವನ್ನು ಬೆರೆಸಬಾರದು. ಒಂದು, ನಿಮಗೆ ಎಷ್ಟು ಸುಸ್ತು ಎನ್ನಿಸುತ್ತದೆ ಎಂಬುದು. ಅದಕ್ಕೆ ಪ್ರಶ್ನಾವಳಿಗಳಿವೆ. ಫಟೀಗ್ ಸಿವಿಯಾರಿಟಿ ಸ್ಕೇಲ್ ಎಂಬುದರಲ್ಲಿ 9 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಇದನ್ನು ಹಗುರವಾಗಿ ಕಾಣಬೇಡಿ. 2005ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಮೂರು ಬಗೆಯ ಆನುವಂಶಿಕ ನರಸ್ನಾಯು ಕಾಯಿಲೆ ಇರುವ ಸುಮಾರು 600 ಮಂದಿಯನ್ನು ಇಂಥದೇ ಒಂದು ಪ್ರಶ್ನಾವಳಿಯಿಂದ ಕೇಳಿದಾಗ, ಮೂರೂ ಗುಂಪುಗಳಲ್ಲಿ ಶೇ 60ಕ್ಕಿಂತ ಹೆಚ್ಚು ಜನರಿಗೆ ತೀವ್ರ ದಣಿವಿತ್ತು. ಎರಡನೆಯದು, ಕೆಲಸ ಮಾಡುತ್ತಾ ಮಾಡುತ್ತಾ ಸ್ನಾಯುವಿನ ಸಾಮರ್ಥ್ಯ ನಿಜಕ್ಕೂ ಎಷ್ಟು ಇಳಿಯುತ್ತದೆ ಎಂಬುದು. ತುಂಬಾ ಸುಸ್ತು ಎನ್ನುವವರ ಸ್ನಾಯು ಪರೀಕ್ಷೆಯಲ್ಲಿ ಅಷ್ಟೇನೂ ಇಳಿಯದಿರಬಹುದು, ಸುಸ್ತೇ ಇಲ್ಲ ಎನ್ನುವವರದು ಇಳಿಯಬಹುದು. ನಿಮ್ಮ ವಿವರಣೆ ಎರಡನೆಯದಕ್ಕೆ ಸೇರುತ್ತದೆ.

ಈ ಎರಡನೆಯದನ್ನು ಅಳೆಯುವುದರಲ್ಲೂ ಒಂದು ತೊಡಕಿದೆ. ಹ್ಯಾಂಡ್‌ಗ್ರಿಪ್ ಯಂತ್ರವನ್ನು ಅರ್ಧ ನಿಮಿಷ ಬಿಗಿಯಾಗಿ ಹಿಸುಕಿಸಿ, ಶುರುವಿನ ಬಲಕ್ಕೂ ಕೊನೆಯ ಬಲಕ್ಕೂ ವ್ಯತ್ಯಾಸ ಎಷ್ಟು ಶೇಕಡಾ ಎಂದು ಲೆಕ್ಕ ಹಾಕುವುದುಂಟು. ಡಿಸ್ಟ್ರೋಫಿ ಇರುವವರಲ್ಲಿ ಆ ಶೇಕಡಾ ಬೇರೆಯವರಷ್ಟೇ ಬರಬಹುದು. ಅವರು ಹೊರಡುವುದೇ ಕಡಿಮೆ ಬಲದಿಂದ, ಇಳಿಯುವುದೂ ಅದಕ್ಕೆ ತಕ್ಕಷ್ಟೇ. ಆದರೆ ಬದುಕಿನ ಕೆಲಸಗಳು ನಮ್ಮ ಬಲ ನೋಡಿಕೊಂಡು ಹಗುರಾಗುವುದಿಲ್ಲ. ನಿಮ್ಮ ತೋಳಿನ ತೂಕ ಅಷ್ಟೇ ಇದೆ, ಬೋರ್ಡಿನ ಎತ್ತರ ಅಷ್ಟೇ ಇದೆ. ಕಾಯಿಲೆ ಇಲ್ಲದ ಭುಜಕ್ಕೆ ತೋಳನ್ನು ಎತ್ತಿ ಹಿಡಿಯುವುದು ತನ್ನ ಬಲದ ಒಂದು ಸಣ್ಣ ಪಾಲು. ನಿಮ್ಮ ಭುಜ ಅದಕ್ಕೆ ಹೆಚ್ಚುಕಡಿಮೆ ಇದ್ದದ್ದನ್ನೆಲ್ಲ ಸುರಿಯಬೇಕು. ಅಷ್ಟು ಬಿಗಿದ ಸ್ನಾಯುವಿನೊಳಗೆ ರಕ್ತನಾಳಗಳೂ ಅದುಮಿಕೊಳ್ಳುತ್ತವೆ, ಹಾಗಾಗಿ ಬೇಗ ಸೋಲುತ್ತದೆ. ಆದ್ದರಿಂದ ನಿಮಗೆ ಹೊಂದುವುದು ನಿಗದಿತ ಕೆಲಸವನ್ನು ಎಷ್ಟು ಹೊತ್ತು ಮಾಡಬಲ್ಲಿರಿ ಎಂದು ನೋಡುವ ಪರೀಕ್ಷೆ. ಎಸ್‌ಎಂಎಗೆಂದು ಡಚ್ ತಜ್ಞರು ಇಂಥವನ್ನು ರೂಪಿಸಿದ್ದಾರೆ. ಮರದ ತುಂಡುಗಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬೀಪ್ ಸದ್ದಿಗೆ ತಕ್ಕಂತೆ ಸಾಗಿಸುತ್ತಿರಬೇಕು. ಆ ಲಯಕ್ಕೆ ಕೈ ಹಿಂದೆ ಬಿದ್ದಾಗ ಗಡಿಯಾರ ನಿಲ್ಲಿಸುತ್ತಾರೆ.

ಮನೆಗೆ ನಾನು ಹೇಳುವುದು ಇನ್ನೂ ಸರಳ. ಮೈಯಸ್ತೇನಿಯಾ, ಅಂದರೆ ನರದ ಸಂದೇಶ ಸರಿಯಾಗಿ ತಲುಪದೆ ಸ್ನಾಯು ಬೇಗ ಸೋಲುವ ಕಾಯಿಲೆ, ಇರುವವರಿಗೆ ಬಳಸುವ ಒಂದು ಪರೀಕ್ಷೆಯಿಂದ ತೆಗೆದದ್ದು. ಬೆನ್ನು ಒರಗುವ ಕುರ್ಚಿಯಲ್ಲಿ ಕೂತು, ಬಲಗೈಯನ್ನು ಭುಜದ ಮಟ್ಟದಲ್ಲಿ ನೇರವಾಗಿ ಮುಂದೆ ಚಾಚಿ. ಪಕ್ಕದ ಗೋಡೆಯ ಮೇಲೆ ಆ ಮಟ್ಟಕ್ಕೆ ಒಂದು ಗೆರೆ ಎಳೆದಿರಲಿ. ಕೈ ಗೆರೆಗಿಂತ ಇಳಿದ ಕೂಡಲೇ ಮೊಬೈಲಿನ ಸ್ಟಾಪ್‌ವಾಚ್ ನಿಲ್ಲಿಸಿ. ನಾಲ್ಕು ನಿಮಿಷ ದಾಟಿದರೆ ಅಲ್ಲಿಗೇ ಸಾಕು. ಶಾಲೆಗೆ ಹೊರಡುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ. ಅದೇ ಕುರ್ಚಿ, ಅದೇ ಕೈ. ರಜೆಯ ದಿನವೂ ಅದೇ ಎರಡು ಹೊತ್ತಿಗೆ ಮಾಡಿ, ಆಗ ಪಾಠ ಮಾಡಿದ್ದರಿಂದ ಆದ ಇಳಿಕೆ ಎಷ್ಟು ಎಂದು ಬೇರೆಯಾಗಿ ಕಾಣುತ್ತದೆ. ಜೊತೆಗೆ ಆ ಕ್ಷಣದ ಸುಸ್ತಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯಿರಿ. ವರ್ಷವಿಡೀ ಬೇಡ, ತಪಾಸಣೆಗೆ ಮುಂಚಿನ ಒಂದು ವಾರ ಸಾಕು.

ಹಟಕ್ಕೆ ಬಿದ್ದು ಪದೇ ಪದೇ ಮಾಡಬೇಡಿ. ದುಡಿಮೆಯ ನಂತರ ಸ್ನಾಯು ತೀವ್ರವಾಗಿ ನೋಯುತ್ತಿದ್ದರೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆಯುತ್ತಿರುವ ಲಕ್ಷಣ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು. ಬೆಳಿಗ್ಗೆ ಏಳುವಾಗಲೇ ತಲೆನೋವು, ಮಲಗಿದರೆ ಉಸಿರು ಸಾಲದು ಎಂಬ ಭಾವನೆ ಇದೆಯೇ? ಉಸಿರಾಟದ ಸ್ನಾಯುಗಳು ಸೊರಗಿದಾಗಲೂ ದಣಿವು ಹೆಚ್ಚುತ್ತದೆ. ಶ್ವಾಸಕೋಶದ ಸಾಮರ್ಥ್ಯವನ್ನು ಕೂತು ಒಮ್ಮೆ, ಮಲಗಿ ಒಮ್ಮೆ ಅಳೆಸಿ. ರಕ್ತಹೀನತೆ, ಥೈರಾಯ್ಡ್ ಕೂಡ ನೋಡಿಸಿ. ಎಲ್ಲವನ್ನೂ ಡಿಸ್ಟ್ರೋಫಿಯ ತಲೆಗೆ ಕಟ್ಟಿದರೆ ಗುಣಪಡಿಸಬಹುದಾದದ್ದು ಉಳಿದುಹೋಗುತ್ತದೆ.

ಉತ್ತರ: ಎಫ್‌ಎಸ್‌ಎಚ್‌ಡಿ ಇರುವವನು, ಉಡುಪಿ

ಎಫ್‌ಎಸ್‌ಎಚ್‌ಡಿ ಎಂದರೆ ಮುಖ, ಭುಜ, ಮೇಲ್ತೋಳಿನ ಸ್ನಾಯುಗಳನ್ನು ಸೊರಗಿಸುವ ಡಿಸ್ಟ್ರೋಫಿ. ನನಗೂ ಭುಜದ್ದೇ ತೊಂದರೆ, ಬ್ಯಾಂಕಿನಲ್ಲಿ ಕೆಲಸ. ಮಣಿಕಟ್ಟಿನ ಸ್ಮಾರ್ಟ್‌ವಾಚ್ ಹೆಜ್ಜೆ ಎಣಿಸುತ್ತದೆ, ಎತ್ತಿ ಹಿಡಿದ ಕೈಯ ದಣಿವು ಅದಕ್ಕೆ ತಿಳಿಯದು. ಅದಕ್ಕೆಂದು ಹಣ ಹಾಕಬೇಡಿ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಲ್ಲದಿದ್ದರೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಹೆಸರು ಹೇಳಿಯೇ ಸೇರಿದೆ, ಸರ್ಕಾರಿ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು ಅದರ 20ನೆಯ ಕಲಂ ಹೇಳುತ್ತದೆ. ವೇಳಾಪಟ್ಟಿಯ ಬದಲಾವಣೆಯನ್ನು ನೀವು ಇದರಡಿ ಲಿಖಿತವಾಗಿ ಕೇಳಬಹುದು.

ಗಣಿತದ ಟೀಚರ್, ಅರಸೀಕೆರೆ

ಎಲ್ಲರಿಗೂ ಕೃತಜ್ಞತೆಗಳು. ಬೆಳಗಿನ ತಲೆನೋವು ಇದೆ ಸರ್. ಕನ್ನಡಕದ್ದು ಎಂದುಕೊಂಡಿದ್ದೆ, ಉಸಿರಿನ ಪರೀಕ್ಷೆ ಮಾಡಿಸುತ್ತೇನೆ. ಕೈ ಚಾಚುವ ಅಳತೆಯನ್ನು ಸೋಮವಾರದಿಂದ ಶುರು ಮಾಡುವೆ, ಗೆರೆ ನೋಡಿಕೊಳ್ಳಲು ಮಗಳು ಒಪ್ಪಿದ್ದಾಳೆ. ಒಂದು ಸಂದೇಹ: ಕೆಲವು ದಿನ ಎರಡೇ ಪಿರಿಯಡ್ ಇರುತ್ತವೆ, ಕೆಲವು ದಿನ ಐದು. ಯಾವ ದಿನದ್ದನ್ನು ಲೆಕ್ಕಕ್ಕೆ ಹಿಡಿಯಲಿ?

ಫಿಸಿಯೋಥೆರಪಿಸ್ಟ್, ನರಸ್ನಾಯು ವಿಭಾಗ, ಬೆಂಗಳೂರು

ಎಲ್ಲ ದಿನಗಳದ್ದನ್ನೂ ಹಿಡಿಯಿರಿ ಮೇಡಂ. ಸೆಕೆಂಡುಗಳ ಪಕ್ಕದಲ್ಲೇ ಅಂದು ಬೋರ್ಡಿನ ಮೇಲೆ ಬರೆದ ಪಿರಿಯಡ್‌ಗಳ ಸಂಖ್ಯೆಯನ್ನೂ ಬರೆಯಿರಿ. ಎರಡು ಪಿರಿಯಡ್‌ನ ದಿನಕ್ಕೂ ಐದರ ದಿನಕ್ಕೂ ಸಂಜೆಯ ಅಂಕಿಯಲ್ಲಿ ಅಂತರ ಕಂಡರೆ, ವೇಳಾಪಟ್ಟಿ ಬದಲಿಸಿ ಎಂಬ ಅರ್ಜಿಯ ಜೊತೆ ಆ ಹಾಳೆಯನ್ನೇ ಲಗತ್ತಿಸಬಹುದು. ತಲೆನೋವಿನ ವಿಷಯವನ್ನು ಮಾತ್ರ ಮುಂದಿನ ವಾರ್ಷಿಕ ತಪಾಸಣೆಯವರೆಗೆ ತಳ್ಳಬೇಡಿ, ಈ ವಾರವೇ ವೈದ್ಯರಿಗೆ ಫೋನ್ ಮಾಡಿ.