ಟೋಕಿಯೊದಲ್ಲಿ ಮೊದಲ ರಾತ್ರಿ: ಹೋಗಿ ಬಂದವರು ಎಲ್ಲಿ ಎಡವಿದಿರಿ?

ಜೂನ್‌ನಲ್ಲಿ ಕೆಲಸದ ಮೇಲೆ ಟೋಕಿಯೊಗೆ ಹೋಗುತ್ತಿದ್ದೇನೆ, ಒಂಟಿಯಾಗಿ. ವಿಮಾನ ಸಂಜೆ ನರಿಟಾದಲ್ಲಿ ಇಳಿಯುತ್ತದೆ. ಹೋಟೆಲ್ ಶಿಂಜುಕುವಿನಲ್ಲಿ. ಜಪಾನಿ ಭಾಷೆ ಒಂದಕ್ಷರ ಬರಲ್ಲ. ನೋಡುವ ಜಾಗಗಳ ಪಟ್ಟಿ ಬೇಡ. ಇಳಿದ ಒಂದೆರಡು ದಿನ ಊರು ನಿಮಗೆ ಹೇಗೆ ಕಂಡಿತು, ಎಲ್ಲಿ ಪೇಚಾಡಿದಿರಿ, ಅಷ್ಟು ಹೇಳಿ ಸಾಕು.

*

ನಾನು ಪೇಚಾಡಿದ್ದು ನಿಮ್ಮ ಅದೇ ಶಿಂಜುಕುವಿನಲ್ಲಿ. ನರಿಟಾ ಊರಿನಿಂದ ಸುಮಾರು 60 ಕಿ.ಮೀ. ದೂರ. ಆದರೆ ಅಲ್ಲಿ ನರಿಟಾ ಎಕ್ಸ್‌ಪ್ರೆಸ್ ಹತ್ತಿದರೆ ಒಂದೂವರೆ ಗಂಟೆಯೊಳಗೆ ನೇರ ಶಿಂಜುಕು. ಇಷ್ಟು ಸುಲಭವಾ ಅಂದುಕೊಂಡು ಇಳಿದೆ. ಪ್ರಪಂಚದಲ್ಲೇ ಅತಿ ಹೆಚ್ಚು ಜನ ಓಡಾಡುವ ರೈಲು ನಿಲ್ದಾಣ ಅದು. ಹೊರಗೆ ಹೋಗಲು 200ಕ್ಕೂ ಹೆಚ್ಚು ದಾರಿಗಳು. ನಾನು ತಪ್ಪು ದಾರಿಯಲ್ಲಿ ಹೊರಬಿದ್ದೆ, ಹೋಟೆಲ್ ಹಳಿಗಳ ಆಚೆ ಬದಿ. ಸೂಟ್‌ಕೇಸ್ ಎಳೆದುಕೊಂಡು ಮುಕ್ಕಾಲು ಗಂಟೆ ಸುತ್ತಿದೆ.

ವಿಳಾಸ ಕೈಯಲ್ಲೇ ಇತ್ತು, ಆದರೆ ರಸ್ತೆಯ ಹೆಸರು ಹುಡುಕಿದರೆ ಸಿಗಬೇಕಲ್ವಾ? ಅಲ್ಲಿ ಹೆಚ್ಚಿನ ರಸ್ತೆಗಳಿಗೆ ಹೆಸರೇ ಇಲ್ಲ. ಬಡಾವಣೆಯ ಹೆಸರಿನ ಜೊತೆ ಮೂರು ಅಂಕಿ ಇರುತ್ತವೆ: ಅದರ ಯಾವ ಭಾಗ, ಯಾವ ಬ್ಲಾಕು, ಬ್ಲಾಕಿನೊಳಗೆ ಎಷ್ಟನೇ ಕಟ್ಟಡ. ಇದು ಗೊತ್ತಾಗಿದ್ದು ಆಮೇಲೆ. ಕೊನೆಗೆ ಒಂದು ಕೋಬಾನ್ ಕಂಡಿತು. ಪುಟ್ಟ ಪೊಲೀಸ್ ಚೌಕಿ, ದಾರಿ ಹೇಳುವುದೂ ಅವರ ಕೆಲಸವೇ. ಒಳಗಿದ್ದವರು ನಕ್ಷೆ ಹರಡಿ ಬೆರಳಿಟ್ಟು ತೋರಿಸಿದರು. ಮಾತೇ ಬೇಕಾಗಲಿಲ್ಲ. ನೀವು ಮಾತ್ರ ಹೊರಡುವ ಮೊದಲೇ ಹೋಟೆಲ್‌ನವರನ್ನು ಕೇಳಿ, ಯಾವ ಬಾಗಿಲಿನಿಂದ ಹೊರಬರಬೇಕು ಎಂದು.

*

ನನಗೆ ಮೊದಲು ತಟ್ಟಿದ್ದು ಮೌನ. ರೈಲು ಕಿಕ್ಕಿರಿದಿತ್ತು, ಒಬ್ಬರೂ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಫೋನ್ ಜೋರಾಗಿ ಬಡಿದುಕೊಂಡಿತು. ಯಾರೂ ಬೈಯಲಿಲ್ಲ, ತಿರುಗಿಯೂ ನೋಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಲಿಪಿ ಬರದಿದ್ದರೂ ರೈಲಿಗೆ ಹೆದರಬೇಡಿ. ನಿಲ್ದಾಣಗಳಿಗೆ ಅಕ್ಷರ, ಅಂಕಿಯ ಗುರುತು ಇರುತ್ತದೆ. ಯಾಮನೋಟೆ ಎಂಬ ಹಸಿರು ಬಣ್ಣದ ಮಾರ್ಗದಲ್ಲಿ ಶಿಂಜುಕು ಅಂದರೆ ಜೆವೈ 17. ಅದು ವೃತ್ತಾಕಾರದ ಮಾರ್ಗ. ಉಲ್ಟಾ ದಿಕ್ಕಿಗೆ ಹತ್ತಿದರೂ ಹೆಚ್ಚುಕಮ್ಮಿ ಒಂದು ಗಂಟೆಯಲ್ಲಿ ಸುತ್ತಿಸಿ ಹತ್ತಿದಲ್ಲಿಗೇ ತಂದು ಬಿಡುತ್ತದೆ. (ಹೌದು, ಸುತ್ತಿದ್ದೇನೆ.) ಒಂದು ವಿಷಯ ಮಾತ್ರ ನೆನಪಿಡಿ. ನಡುರಾತ್ರಿ 12, 1ರ ಹೊತ್ತಿಗೆ ರೈಲುಗಳು ನಿಂತೇ ಹೋಗುತ್ತವೆ. ವಿಮಾನ ತೀರಾ ತಡವಾದರೆ ನರಿಟಾದ ಹತ್ತಿರವೇ ಮಲಗುವುದು ಒಳ್ಳೆಯದು.

*

ಬೀದಿಯಲ್ಲಿ ಕಸದ ಬುಟ್ಟಿ ಹುಡುಕಬೇಡಿ. 1995ರಲ್ಲಿ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲದ ದಾಳಿ ಆದ ಮೇಲೆ ಎಷ್ಟೋ ಕಡೆ ತೆಗೆದುಬಿಟ್ಟರು. ಬಿಸ್ಕತ್ತಿನ ಖಾಲಿ ಕವರನ್ನು ರಾತ್ರಿವರೆಗೆ ಹೊತ್ತು ತಿರುಗಿದ್ದೇನೆ. ಟ್ಯಾಕ್ಸಿ ಬಾಗಿಲಿಗೂ ಕೈ ಹಾಕಬೇಡಿ. ಅದು ತಾನೇ ತೆರೆದುಕೊಳ್ಳುತ್ತದೆ, ತೀರಾ ಹತ್ತಿರ ನಿಂತರೆ ಮೊಣಕಾಲಿಗೆ ಬಡಿಯುತ್ತದೆ.

*

ನಾನೂ ಹೋಗಿದ್ದು ಜೂನ್‌ನಲ್ಲೇ. ಅಲ್ಲಿ ಮಳೆ ಹಿಡಿಯುವ ತಿಂಗಳು ಅದು, ಕೊಡೆ ಮರೆಯಬೇಡಿ. ಸೂರ್ಯ ನಾಲ್ಕೂವರೆಗೆಲ್ಲ ಹುಟ್ಟಿಬಿಡುತ್ತಾನೆ. ಪರದೆ ಎಳೆಯದೆ ಮಲಗಿದ್ದೆ. ಎಚ್ಚರವಾದಾಗ ಮೀಟಿಂಗ್ ತಪ್ಪಿಹೋಯಿತು ಎಂದು ಗಾಬರಿಯಿಂದ ಹಲ್ಲುಜ್ಜಿ ಶೂ ಹಾಕಿಕೊಂಡೆ. ಗಡಿಯಾರ ನೋಡಿದರೆ 4:50!

ಅದೇ ದಿನ ಸಂಜೆ 5ಕ್ಕೆ ಇದ್ದಕ್ಕಿದ್ದಂತೆ ಕಂಬಗಳ ಮೇಲಿನ ಧ್ವನಿವರ್ಧಕಗಳಿಂದ ಒಂದು ರಾಗ ಕೇಳಿಸಿತು. ಭೂಕಂಪದ ನಾಡು, ಏನೋ ಆಯಿತು ಎಂದು ಎದೆ ಧಸಕ್ಕೆಂದಿತು. ಸುತ್ತಲಿನವರು ಮಾತ್ರ ತಮ್ಮ ಪಾಡಿಗೆ ನಡೆಯುತ್ತಿದ್ದರು. ಆಮೇಲೆ ಸಹೋದ್ಯೋಗಿ ಹೇಳಿದರು: ವಿಪತ್ತಿನ ಸೂಚನೆ ಕೊಡುವ ಧ್ವನಿವರ್ಧಕಗಳು ಸರಿಯಾಗಿವೆಯಾ ಎಂದು ದಿನಾ ಹೀಗೆ ಪರೀಕ್ಷೆ ಮಾಡುತ್ತಾರೆ. ಮಕ್ಕಳಿಗೆ ಅದು ಆಟ ಮುಗಿಸಿ ಮನೆಗೆ ಹೋಗುವ ಗಂಟೆಯೂ ಹೌದಂತೆ. ನಾಲ್ಕನೇ ದಿನದಿಂದ ನಾನೂ ಅದಕ್ಕೆ ಕಾಯುತ್ತಿದ್ದೆ.

*

ಎಲ್ಲರಿಗೂ ಥ್ಯಾಂಕ್ಸ್. ಹೋಟೆಲ್‌ನವರು ಕಳಿಸಿದ ಪತ್ರ ಈಗ ತೆಗೆದು ನೋಡಿದೆ. ‘ಪಶ್ಚಿಮ ದ್ವಾರದಿಂದ 8 ನಿಮಿಷ’ ಎಂದಿದೆ. ನಾನು ಒಂದು ವಾರದಿಂದ ಪೂರ್ವ ದ್ವಾರದ ಫೋಟೊಗಳನ್ನು ನೋಡಿ ದಾರಿ ಬಾಯಿಪಾಠ ಮಾಡುತ್ತಿದ್ದೆ.