ಪದಚರ್ಚೆ: ‘ಸಮೋಷ್ಣ ಮಂಡಲ’ ಎಂಬ ಹೆಸರು ನಮ್ಮ ಆಕಾಶಕ್ಕೆ ಹೊಂದುತ್ತದೆಯೇ?

ಬಲ್ಲವರಿಗೆ ನಮಸ್ಕಾರಗಳು.

ಕಳೆದ ವಾರ ಚಿತ್ರದುರ್ಗದ ನಮ್ಮ ಮನೆಯಲ್ಲಿ ತಮ್ಮನ ಮಗಳು ಪರೀಕ್ಷೆಗೆ ಓದಿಕೊಳ್ಳುತ್ತಾ ವಾಯುಮಂಡಲದ ಪಾಠದ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಕರೆದಳು. “ದೊಡ್ಡಪ್ಪ, ಸಮೋಷ್ಣ ಅಂದ್ರೆ ಎಲ್ಲಾ ಕಡೆ ಒಂದೇ ಉಷ್ಣ ಅಂತ ತಾನೆ? ಕೆಳಗಿನ ಸಾಲಲ್ಲಿ ನೋಡಿದ್ರೆ ಮೇಲೆ ಹೋದಂಗೆಲ್ಲ ಉಷ್ಣಾಂಶ ಏರುತ್ತೆ ಅಂತ ಐತಲ್ಲ, ಇದ್ರಲ್ಲಿ ಯಾವ್ದು ಸರಿ?” ಎಂದು ಕೇಳಿದಳು. ಹೆಸರೂ ಅದರ ವಿವರಣೆಯೂ ಒಂದೇ ಪುಟದಲ್ಲಿ, ನಾಲ್ಕು ಬೆರಳಿನ ಅಂತರದಲ್ಲಿ, ಒಂದಕ್ಕೊಂದು ವಿರುದ್ಧವಾಗಿ ನಿಂತಿದ್ದವು. ಸಮ ಮತ್ತು ಉಷ್ಣ ಸೇರಿ ಗುಣಸಂಧಿಯಾಗಿ ಸಮೋಷ್ಣವಾಗುತ್ತದೆ ಎಂದು ಅವಳಿಗೆ ವ್ಯಾಕರಣದ ಪಾಠದಲ್ಲಿ ಕಲಿಸಿದ್ದಾರೆ. ಕಲಿತದ್ದನ್ನು ಅವಳು ಸರಿಯಾಗಿಯೇ ಬಳಸಿದ್ದಳು. ತಪ್ಪು ಅವಳದಲ್ಲವೆಂದು ಆಗಲೇ ಹೇಳಿದೆ. ಹಾಗಾದರೆ ಆ ಹೆಸರು ಎಲ್ಲಿಂದ ಬಂತು ಎಂಬುದನ್ನು ವಿವರಿಸಲು ನನಗೆ ಎರಡು ದಿನ ಹಿಡಿಯಿತು.

ನಮ್ಮ ಶಾಲಾ ಪಾಠಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಐದು: ಪರಿವರ್ತನ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ. ಇಂಗ್ಲಿಷಿನ ಟ್ರೋಪೋಸ್ಫಿಯರ್, ಸ್ಟ್ರಾಟೋಸ್ಫಿಯರ್, ಮೆಸೋಸ್ಫಿಯರ್, ಥರ್ಮೋಸ್ಫಿಯರ್, ಎಕ್ಸೋಸ್ಫಿಯರ್‌ಗಳಿಗೆ ಇವು ಅನುಕ್ರಮವಾಗಿ ಸಲ್ಲುತ್ತವೆ. ಈ ವಿಭಾಗಗಳನ್ನು, ಕೊನೆಯದೊಂದನ್ನು ಬಿಟ್ಟು, ಮಾಡಿರುವುದೇ ತಾಪದ ಏರಿಳಿತವನ್ನು ನೋಡಿ. ಮೊದಲನೆಯದರಲ್ಲಿ ಮೇಲೆ ಹೋದಂತೆ ತಾಪ ಇಳಿಯುತ್ತದೆ, ಎರಡನೆಯದರಲ್ಲಿ ಏರುತ್ತದೆ, ಮೂರನೆಯದರಲ್ಲಿ ಮತ್ತೆ ಇಳಿಯುತ್ತದೆ, ನಾಲ್ಕನೆಯದರಲ್ಲಿ ಮತ್ತೆ ಏರುತ್ತದೆ. ಹೀಗಿರುವಾಗ ಎರಡನೆಯದನ್ನು ಸಮೋಷ್ಣ ಎಂದು ಕರೆದರೆ ವಿಭಾಗದ ತಳಹದಿಯೇ ಅಲುಗುತ್ತದೆ.

ಆದರೂ ಈ ಹೆಸರನ್ನು ಯಾರೋ ಅಜಾಗರೂಕತೆಯಿಂದ ಇಟ್ಟರೆಂದು ಹೇಳುವುದು ಅನ್ಯಾಯವಾದೀತು. ಫ್ರಾನ್ಸಿನ ಲಿಯೋನ್ ಟೆಸ್ಸೆರಾಂಕ್ ದ ಬೋರ್ ಎಂಬ ಪವನವಿಜ್ಞಾನಿ ಪ್ಯಾರಿಸ್ ಹತ್ತಿರದ ಟ್ರಾಪ್ ಎಂಬಲ್ಲಿಂದ ಉಪಕರಣಗಳನ್ನು ಕಟ್ಟಿದ ಬಲೂನುಗಳನ್ನು ವರ್ಷಗಟ್ಟಲೆ ಹಾರಿಸಿ, ಸುಮಾರು 11 ಕಿ.ಮೀ. ಎತ್ತರದವರೆಗೆ ಇಳಿಯುತ್ತಾ ಬಂದ ತಾಪ ಅಲ್ಲಿಂದಾಚೆಗೆ ಇಳಿಯದೆ ನಿಂತುಬಿಡುತ್ತದೆ ಎಂಬುದನ್ನು ಕಂಡರು. ಬಿಸಿಲಿಗೆ ತಾಪಮಾಪಕ ಕಾದು ತಪ್ಪು ತೋರಿಸೀತೆಂಬ ಅನುಮಾನದಿಂದ ಎಷ್ಟೋ ಬಲೂನುಗಳನ್ನು ಅವರು ರಾತ್ರಿಯ ವೇಳೆ ಹಾರಿಸಿದ್ದರು. 1902ರಲ್ಲಿ ಅವರು ಈ ಫಲಿತಾಂಶವನ್ನು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ರಿಚರ್ಡ್ ಆಸ್ಮನ್ ಕೂಡ ಸ್ವತಂತ್ರವಾಗಿ ಇದನ್ನೇ ಹೇಳಿದರು. ಆಗ ಆ ಭಾಗವನ್ನು ಒಂದೇ ತಾಪದ ವಲಯವೆಂದೇ ಕರೆಯುತ್ತಿದ್ದರು. ಟ್ರೋಪೋಸ್ಫಿಯರ್, ಸ್ಟ್ರಾಟೋಸ್ಫಿಯರ್ ಎಂಬ ಹೆಸರುಗಳನ್ನು ಟೆಸ್ಸೆರಾಂಕ್ ದ ಬೋರ್ ಅವರೇ ಕೊಟ್ಟದ್ದು 1908ರ ಹೊತ್ತಿಗೆ. ಹಾಗಾಗಿ ನಮ್ಮ ‘ಸಮೋಷ್ಣ’ದಲ್ಲಿ ಉಳಿದುಕೊಂಡಿರುವುದು ಆ ಮೊದಲ ದಿನಗಳ ತಿಳಿವಳಿಕೆ. ಹೆಸರು ಕೊಟ್ಟವರ ಭಾಷೆ ಅದನ್ನು ಬಿಟ್ಟು ಮುಂದೆ ಹೋಗಿದೆ, ಕನ್ನಡ ಅದನ್ನು ಜೋಪಾನ ಮಾಡಿಕೊಂಡಿದೆ.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದಿದೆ. ಪ್ಯಾರಿಸ್ ಇರುವ ಅಕ್ಷಾಂಶಗಳಲ್ಲಿ ಸರಾಸರಿ ಲೆಕ್ಕಕ್ಕೆ 11ರಿಂದ 20 ಕಿ.ಮೀ.ವರೆಗೆ ತಾಪ ಸೊನ್ನೆಗಿಂತ ಸುಮಾರು 56 ಡಿಗ್ರಿ ಕೆಳಗೆ ಹೆಚ್ಚುಕಡಿಮೆ ಹಾಗೆಯೇ ನಿಂತಿರುತ್ತದೆ. ಆ ಬಲೂನುಗಳು ಮುಟ್ಟಿದ್ದು ಈ ಭಾಗವನ್ನೇ, ಆದ್ದರಿಂದ ಸಮೋಷ್ಣ ಎಂಬ ಮಾತು ಅಲ್ಲಿಗೆ ಒಂದು ಮಟ್ಟಿಗೆ ಸಲ್ಲುತ್ತದೆ. 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವ ನಮ್ಮ ದುರ್ಗದ ನೆತ್ತಿಯ ಮೇಲೆ ಚಿತ್ರವೇ ಬೇರೆ. ಇಲ್ಲಿ ನೆಲದ ಕಾವು ಹೆಚ್ಚು, ಬಿಸಿಗಾಳಿ ಮೇಲೇಳುವ ಬಲವೂ ಹೆಚ್ಚು. ಹೀಗಾಗಿ ಪರಿವರ್ತನ ಮಂಡಲ 16–17 ಕಿ.ಮೀ.ವರೆಗೂ ಉಬ್ಬಿರುತ್ತದೆ, ಧ್ರುವಗಳ ಬಳಿ ಅದು 8–9 ಕಿ.ಮೀ.ಗೇ ಮುಗಿಯುತ್ತದೆ. ಅಷ್ಟು ದೂರ ಇಳಿಯುತ್ತಲೇ ಹೋಗುವುದರಿಂದ ನಮ್ಮ ಮೇಲಿನ ಎಲ್ಲೆಯಲ್ಲಿ ತಾಪ ಸೊನ್ನೆಗಿಂತ 75–80 ಡಿಗ್ರಿ ಕೆಳಗಿರುತ್ತದೆ, ಮತ್ತು ಅಲ್ಲಿ ಸಮವಾಗಿ ನಿಲ್ಲದೆ ಏರತೊಡಗುತ್ತದೆ. ಸೂರ್ಯನ ನೇರಳಾತೀತ ಕಿರಣಗಳನ್ನು ಓಜೋನ್ ಹೀರಿಕೊಂಡು ಸುತ್ತಲಿನ ಗಾಳಿಯನ್ನು ಕಾಯಿಸುವುದು ಇದಕ್ಕೆ ಕಾರಣ. 50 ಕಿ.ಮೀ. ತಲುಪುವ ಹೊತ್ತಿಗೆ ತಾಪ ಸೊನ್ನೆಯ ಹತ್ತಿರಕ್ಕೆ ಬಂದಿರುತ್ತದೆ. ಅಂದರೆ ಕನ್ನಡ ನಾಡಿನ ಆಕಾಶದಲ್ಲಿ ಸಮೋಷ್ಣವೆಂಬ ಭಾಗ ಇಲ್ಲವೆಂದೇ ಹೇಳಬೇಕು. ನಮ್ಮದಲ್ಲದ ಆಕಾಶದ ಹೆಸರನ್ನು ನಮ್ಮ ಮಕ್ಕಳ ಬಾಯಲ್ಲಿ ಉರು ಹೊಡೆಸುತ್ತಿದ್ದೇವೆ.

ಗೊಂದಲಕ್ಕೆ ನೆರೆಹೊರೆಯ ಪದಗಳೂ ಕಾರಣವಾಗಿವೆ. ಭೂಗೋಳದಲ್ಲಿ ಉಷ್ಣವಲಯ, ಸಮಶೀತೋಷ್ಣ ವಲಯ, ಶೀತವಲಯ ಎಂಬ ವಿಭಾಗ ಬಹಳ ಹಿಂದಿನಿಂದ ಇದೆ. ಅದು ನೆಲದ ಮೇಲಿನದು. ಸಮಶೀತೋಷ್ಣ ವಲಯ ಮತ್ತು ಸಮೋಷ್ಣ ಮಂಡಲ, ಉಷ್ಣವಲಯ ಮತ್ತು ಉಷ್ಣತಾ ಮಂಡಲ ಎಂದು ಪಕ್ಕಪಕ್ಕ ಬರೆದು ನೋಡಿದರೆ ದೊಡ್ಡವರಿಗೂ ಕಣ್ಣು ಕಟ್ಟುತ್ತದೆ.

ಇವುಗಳ ನಡುವೆ ‘ಪರಿವರ್ತನ ಮಂಡಲ’ ಎಂಬುದನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. ಗ್ರೀಕಿನ ಟ್ರೋಪೋಸ್ ಎಂದರೆ ತಿರುಗುವುದು. ಸಂಸ್ಕೃತದ ವೃತ್ ಧಾತುವಿಗೂ ಅದೇ ಅರ್ಥ, ಪರಿವರ್ತನ ಎಂದರೆ ಮೂಲದಲ್ಲಿ ಸುತ್ತಿ ಬರುವುದು. ಕಾದ ಗಾಳಿ ಮೇಲೇರಿ, ತಣಿದು, ಮತ್ತೆ ಕೆಳಗಿಳಿದು ಮಗುಚುತ್ತಲೇ ಇರುವ ಜಾಗಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. ಇಂದಿನ ಕನ್ನಡದಲ್ಲಿ ಪರಿವರ್ತನೆ ಎಂದರೆ ಬದಲಾವಣೆ ಎಂದಷ್ಟೇ ಉಳಿದಿದ್ದರೂ, ಹವೆ ಬದಲಾಗುವ ಜಾಗ ಎಂಬ ಅರ್ಥವೂ ಕೆಡುವುದಿಲ್ಲ. ಆಷಾಢದಲ್ಲಿ ಜೋಗಿಮಟ್ಟಿಯ ಸಾಲುಗುಡ್ಡಗಳ ಮೇಲೆ ನಿಂತರೆ ಗಾಳಿಯಂತ್ರಗಳ ರೆಕ್ಕೆಗಳು ಬೀಸಿ ತಿರುಗುವುದೂ, ಪಡುವಣದಿಂದ ಬಂದ ಮೋಡಗಳು ಒಂದು ಹನಿಯನ್ನೂ ಚೆಲ್ಲದೆ ಚಳ್ಳಕೆರೆಯ ಕಡೆಗೆ ತೇಲಿಹೋಗುವುದೂ ಕಾಣುತ್ತದೆ; ಆ ಗಾಳಿ, ಆ ಮೋಡ, ಬಾರದೆ ಹೋದ ಆ ಮಳೆ ಎಲ್ಲವೂ ಈ ಒಂದು ಮಂಡಲದ ವ್ಯವಹಾರ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ನೆಲದಿಂದ ಹನ್ನೆರಡು ಯೋಜನದವರೆಗೆ ಇರುವುದು ಭೂವಾಯು, ಮೋಡ ಮಿಂಚುಗಳೆಲ್ಲ ಅದರಲ್ಲೇ ಎಂದಿದ್ದಾರೆ. ಭೂವಾಯು ಎಂಬ ಪದ ನನಗೆ ಬಹಳ ಹಿಡಿಸಿತು, ಆದರೂ ಅದನ್ನು ಇಲ್ಲಿಗೆ ಎಳೆದು ತರಲು ಮನಸ್ಸು ಒಪ್ಪುವುದಿಲ್ಲ. ಅದರ ಆಚೆಗೆ ಅವರು ಹೇಳುವುದು ನಕ್ಷತ್ರಗಳನ್ನೇ ಹೊತ್ತು ತಿರುಗಿಸುವ ಪ್ರವಹವಾಯುವನ್ನು, ಆ ಲೋಕಚಿತ್ರವೇ ಬೇರೆ.

ವಿದ್ಯುದಂಶ ಹೊತ್ತ ಕಣಗಳಾದ ಅಯಾನುಗಳಿರುವ ಅಯಾನು ಮಂಡಲವನ್ನು ಕೆಲವು ಪಾಠಗಳು ಉಷ್ಣತಾ ಮಂಡಲದ ಬದಲಿಗೂ, ಇನ್ನು ಕೆಲವು ಅದರ ಜೊತೆಗೂ ಹೇಳುವುದರಿಂದ ಪದರಗಳ ಎಣಿಕೆ ಐದೋ ಆರೋ ಎಂಬ ತಕರಾರು ಹುಟ್ಟುತ್ತದೆ. ಅಯಾನುಗಳಿರುವ ಭಾಗ ಸುಮಾರು 60 ಕಿ.ಮೀ.ಯಿಂದ ಆರಂಭವಾಗಿ ಮಧ್ಯಂತರ ಮಂಡಲದ ಮೇಲ್ಭಾಗವನ್ನೂ ಉಷ್ಣತಾ ಮಂಡಲವನ್ನೂ ವ್ಯಾಪಿಸಿರುತ್ತದೆ. ತಾಪದ ಲೆಕ್ಕದಲ್ಲಿ ಅದು ಬರುವುದಿಲ್ಲ, ವಿದ್ಯುದಂಶದ ಲೆಕ್ಕದಲ್ಲಿ ಬರುತ್ತದೆ. ಭದ್ರಾವತಿ ಆಕಾಶವಾಣಿಯನ್ನು ಹಗಲೆಲ್ಲ ಕೇಳುತ್ತಿದ್ದ ನಮ್ಮ ಹಳೆಯ ರೇಡಿಯೋದಲ್ಲಿ ಕತ್ತಲಾದ ಮೇಲೆ ಎಲ್ಲೆಲ್ಲಿಯದೋ ಭಾಷೆಯ ಕೇಂದ್ರಗಳು ತೂರಿ ಬರುತ್ತಿದ್ದುದು ಈ ಭಾಗದ ಕೆಲಸದಿಂದ. ಹಗಲಿನಲ್ಲಿ ಮಧ್ಯಮ ತರಂಗಗಳನ್ನು ಹೀರಿಬಿಡುವ ಅದರ ಕೆಳಪದರ ರಾತ್ರಿ ಕರಗಿಹೋಗುತ್ತದೆ. ಮೇಲಿನ ಪದರ ತರಂಗಗಳನ್ನು ದೂರದ ಊರುಗಳಿಗೆ ಮರಳಿಸುತ್ತದೆ. ಅಯಾನು ಎಂಬ ಪದವನ್ನು ನಾನು ಎರವಲು ಎಂದು ದೂರಲಾರೆ. ಫ್ಯಾರಡೆ 1834ರಲ್ಲಿ ಬಳಕೆಗೆ ತಂದ ಅಯಾನ್ ಎಂಬ ಶಬ್ದದ ಗ್ರೀಕ್ ಮೂಲಕ್ಕೆ ಹೋಗುವುದು ಎಂದರ್ಥ. ನಮ್ಮ ದಕ್ಷಿಣಾಯನ, ಉತ್ತರಾಯಣಗಳಲ್ಲಿರುವ ಅಯನವೂ ಹೋಗುವುದೇ, ಎರಡಕ್ಕೂ ಧಾತು ಒಂದೇ ಬೇರಿನದು.

‘ಬಾಹ್ಯ’ ಎಂಬುದರಲ್ಲೂ ಒಂದು ತೊಡಕಿದೆ. ಬಾಹ್ಯಾಕಾಶ 100 ಕಿ.ಮೀ.ಗೆ ಆರಂಭವೆಂದು ರೂಢಿಯಲ್ಲಿ ಎಣಿಸುತ್ತಾರೆ, ಬಾಹ್ಯ ಮಂಡಲವಾದರೋ 500–600 ಕಿ.ಮೀ.ಯಿಂದಾಚೆ. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹೀಗೆ ಬಾಹ್ಯಾಕಾಶದಲ್ಲಿದೆ, ಬಾಹ್ಯ ಮಂಡಲದಲ್ಲಿಲ್ಲ. ನಮ್ಮ ಜಿಲ್ಲೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿ ಇಳಿಸಿದ್ದು 4.5 ಕಿ.ಮೀ. ಎತ್ತರದಿಂದ, ಬಾಹ್ಯಾಕಾಶದಿಂದ ಮರಳುವ ವಾಹನದ ಆ ಪರೀಕ್ಷೆ ನಡೆದದ್ದು ಪೂರ್ತಿಯಾಗಿ ಪರಿವರ್ತನ ಮಂಡಲದ ಕೆಳಗಿನ ಮೂರನೇ ಒಂದು ಭಾಗದಲ್ಲಿ. ಇಲ್ಲಿ ‘ಹೊರಮಂಡಲ’ ಎಂದರೆ ಈ ಎರಡು ಬಾಹ್ಯಗಳು ಬೇರೆಯಾಗಿ ನಿಲ್ಲುತ್ತವೆ.

ನನ್ನ ಸಲಹೆ ಇಷ್ಟು. ಸ್ಟ್ರಾಟೋಸ್ಫಿಯರ್‌ಗೆ ‘ಸ್ತರಮಂಡಲ’ ಎನ್ನೋಣ. ಕೆಳಗೆ ತಣ್ಣನೆಯದು, ಮೇಲೆ ಬೆಚ್ಚನೆಯದು ಇರುವುದರಿಂದ ಅಲ್ಲಿ ಗಾಳಿ ಮಗುಚುವುದಿಲ್ಲ, ಸ್ತರ ಸ್ತರವಾಗಿ ನಿಂತಿರುತ್ತದೆ. ಮೂಲ ಹೆಸರಿನ ಅರ್ಥವೂ ಅದೇ, ಪರಿವರ್ತನ ಮಂಡಲಕ್ಕೆ ಎದುರಾಗಿಯೂ ಸೊಗಸಾಗಿ ನಿಲ್ಲುತ್ತದೆ. ಸ್ತರಗೋಳ ಎಂದು ಬರೆಯುವವರೂ ಇದ್ದಾರೆ, ಆದರೆ ಉಳಿದ ನಾಲ್ಕೂ ಮಂಡಲಗಳಾಗಿರುವಾಗ ಇದೊಂದು ಗೋಳವಾಗುವುದು ಬೇಡ. ತಾಪದ ಲೆಕ್ಕದಿಂದ ಬಂದವನ್ನು ಮಂಡಲವೆಂದೂ, ಒಳಗಿರುವ ವಸ್ತುವಿನ ಲೆಕ್ಕದಿಂದ ಬಂದವನ್ನು ಪದರವೆಂದೂ ಕರೆದರೆ ಎಣಿಕೆಯ ತಕರಾರೂ ತೀರುತ್ತದೆ. ‘ಓಜೋನ್ ಪದರ’ ಎಂದು ಜನ ಈಗಾಗಲೇ ಹೇಳುತ್ತಿದ್ದಾರೆ. ‘ಅಯಾನು ಪದರ’ ಎನ್ನಲು ಯಾರ ನಾಲಿಗೆಯೂ ತಡವರಿಸದು.

ಈಗ ಕೇಳಬೇಕಾದದ್ದು ಎರಡು. ಪರಿವರ್ತನ ಮಂಡಲ ಮುಗಿಯುವ ಟ್ರೋಪೋಪಾಸ್ ಮೊದಲಾದ ಗಡಿಗಳಿಗೆ ‘ವಿರಾಮ’ ಎಂದೂ ‘ಸೀಮೆ’ ಎಂದೂ ಬರೆದದ್ದನ್ನು ನೋಡಿದ್ದೇನೆ. ನಮ್ಮ ಕಡೆ ಸೀಮೆ ಎಂದರೆ ಒಂದು ಪ್ರಾಂತ, ಹೊಸದುರ್ಗದ ಸೀಮೆ ಎನ್ನುವಂತೆ. ಗಡಿ ಎಂಬ ಅರ್ಥ ಆಡುಮಾತಿನಲ್ಲಿ ಬರುವುದಿಲ್ಲ. ‘ಪರಿವರ್ತನದ ಎಲ್ಲೆ’, ‘ಸ್ತರದ ಎಲ್ಲೆ’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇನ್ನೊಂದು, ಶಾಲೆಗಳಲ್ಲಿ ಪಾಠ ಹೇಳುವವರು ದಯವಿಟ್ಟು ತಿಳಿಸಬೇಕು: ಉತ್ತರ ಪತ್ರಿಕೆಯಲ್ಲಿ ಮಗುವೊಂದು ಸಮೋಷ್ಣ ಮಂಡಲದ ಜಾಗದಲ್ಲಿ ಸ್ತರಮಂಡಲ ಎಂದು ಬರೆದರೆ ಅಂಕ ಕೊಡುತ್ತೀರಾ? ನನ್ನ ತಮ್ಮನ ಮಗಳಿಗೆ ಸದ್ಯಕ್ಕೆ ಸಮೋಷ್ಣ ಎಂದೇ ಬರೆಯಲು ಹೇಳಿದ್ದೇನೆ, ಪಕ್ಕದಲ್ಲಿ ತಾಪದ ಅಂಕಿಗಳನ್ನು ತಪ್ಪದೆ ಬರೆಯಬೇಕೆಂದೂ ಹೇಳಿದ್ದೇನೆ.